ಹೈನು ಕರುಗಳ ಪಾಲನೆ

ಹೈನು ಕರುಗಳ ಪಾಲನೆ ಎಂಬುದು ಹಾಲಿಗಾಗಿ ಸಾಕುವ ಹಸು ಮತ್ತು ಎಮ್ಮೆಗಳ ಕರುಗಳನ್ನು ಹುಟ್ಟಿದ ಗಳಿಗೆಯಿಂದ ಹಾಲು ಬಿಡಿಸಿ ಮೇವಿಗೆ ಹೊಂದಿಸುವವರೆಗೆ ಆರೋಗ್ಯವಾಗಿಯೂ ನೆಮ್ಮದಿಯಾಗಿಯೂ ಬೆಳೆಸುವ ಕ್ರಮವಾಗಿದೆ. ಪಶುಸಂಗೋಪನೆಯ ಈ ಭಾಗಕ್ಕೆ ಹಾಲು ಕರೆಯುವ ರಾಸುಗಳಿಗೆ ದೊರೆಯುವಷ್ಟು ಗಮನ ದೊರೆಯುವುದಿಲ್ಲ. ಕರುವಿನಿಂದ ಮೊದಲ ಎರಡು ವರ್ಷ ಆದಾಯವಿಲ್ಲ, ಅದು ಕುಡಿಯುವ ಹಾಲಾದರೋ ಮಾರಾಟವಾಗಬಲ್ಲ ಹಾಲು. ಆದರೆ ಕರುಗಳ ಸಾವಿನಲ್ಲಿ ಹೆಚ್ಚಿನ ಪಾಲು ಮೊದಲ ತಿಂಗಳಿನಲ್ಲಿಯೇ ಸಂಭವಿಸುತ್ತದೆ, ಮತ್ತು ಅದರಲ್ಲಿ ಬಹುಭಾಗವನ್ನು ದುಬಾರಿ ಔಷಧಿಗಳಿಲ್ಲದೆಯೇ ತಡೆಯಬಹುದಾಗಿದೆ. ಈ ಲೇಖನವು ವಿಷಯವನ್ನು ಸಾಮಾನ್ಯವಾಗಿ ವಿವರಿಸುತ್ತ, ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಹವೆ ಹಾಗೂ ಮೇವಿನ ಸ್ಥಿತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತದೆ.

ಹಿನ್ನೆಲೆ

ಕರ್ನಾಟಕದ ಹಳೆಯ ಗೋತಳಿಗಳಲ್ಲಿ ಹೆಚ್ಚಿನವು ಉಳುಮೆ ಮತ್ತು ಸಾಗಣೆಗಾಗಿ ಬೆಳೆದುಬಂದವು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಆ ಹೆಸರಿನ ತಳಿ ಇಂದಿಗೂ ವೇಗಕ್ಕೂ ಸಹನಶಕ್ತಿಗೂ ಹೆಸರಾಗಿದೆ, ಹಾಲಿಗಲ್ಲ. ಇಂತಹ ತಳಿಗಳಲ್ಲಿ ತಾಯಿಯ ಹಾಲಿನ ಬಹುಪಾಲು ಕರುವಿಗೇ ಸೇರುತ್ತಿತ್ತು. ಮುಂದೆ ಎತ್ತಾಗಬೇಕಾದ ಹೋರಿಗರು ಗಟ್ಟಿಯಾಗಿ ಬೆಳೆಯುವುದೇ ಸಾಕಣೆಯ ಉದ್ದೇಶವಾಗಿದ್ದುದರಿಂದ ಕರುವಿನ ಹಿತಕ್ಕೂ ಒಡೆಯನ ಹಿತಕ್ಕೂ ವಿರೋಧವಿರಲಿಲ್ಲ.

ಹೈನುಗಾರಿಕೆ ಉದ್ಯಮವಾದಾಗ ಈ ಸಂಬಂಧ ಬದಲಾಯಿತು. 1970ರಲ್ಲಿ ದೇಶದಲ್ಲಿ ಕ್ಷೀರ ಕ್ರಾಂತಿ ಯೋಜನೆ ಆರಂಭವಾಯಿತು. ವಿಶ್ವಬ್ಯಾಂಕ್ ನೆರವಿನೊಂದಿಗೆ 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ರೂಪುಗೊಂಡು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಕೃತಕ ಗರ್ಭಧಾರಣೆಯ ಮೂಲಕ ಹಾಲ್‌ಸ್ಟೀನ್ ಫ್ರೀಸಿಯನ್ ಮತ್ತು ಜರ್ಸಿ ಮಿಶ್ರತಳಿಗಳು ಹಳ್ಳಿಹಳ್ಳಿಗೂ ಬಂದವು. ಹಾಲಿನ ಪ್ರತಿ ಲೀಟರಿಗೂ ಬೆಲೆ ಬಂದ ಮೇಲೆ ಕರುವು ಹಾಲಿನ ಪಾಲುದಾರನಾಯಿತು. ಕರುಗಳ ಪಾಲನೆ ಒಂದು ಪ್ರತ್ಯೇಕ ವಿಷಯವಾಗಿ ಬೆಳೆದದ್ದು ಈ ಹಂತದಲ್ಲಿಯೇ ಎನ್ನಬಹುದು.

ಬಳ್ಳಾರಿ ಪ್ರದೇಶದ ಸ್ಥಿತಿ

2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟ ನಂತರ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು ಉಳಿದಿವೆ. ಮಳೆ ಕಡಿಮೆ, ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತುಂಗಭದ್ರಾ ಕಾಲುವೆಗಳ ನೀರು ಹರಿಯುವ ಸಿರುಗುಪ್ಪ ಭಾಗ ಭತ್ತದ ನಾಡು, ಅಲ್ಲಿ ಭತ್ತದ ಹುಲ್ಲು ಹೇರಳ. ಕಾಲುವೆ ತಲುಪದ ಕಪ್ಪುನೆಲದಲ್ಲಿ ಜೋಳ, ಹತ್ತಿ, ಶೇಂಗಾ, ಕಡಲೆ ಬೆಳೆಯುವುದರಿಂದ ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ಹತ್ತಿಕಾಳಿನ ಹಿಂಡಿಗಳು ಮೇವಾಗುತ್ತವೆ. ಹಾಲು ಸಂಗ್ರಹಣೆಯನ್ನು ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಸಹಕಾರಿ ಹಾಲು ಒಕ್ಕೂಟ ನಿರ್ವಹಿಸುತ್ತದೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರವು ಜಿಲ್ಲೆಯ ರೈತರಿಗೆ ತರಬೇತಿ ನೀಡುವ ಸಂಸ್ಥೆಯಾಗಿದೆ.

ನಗರದ ಸಾಕಣೆ ಬೇರೆ ಬಗೆಯದು. ಕಂಟೋನ್ಮೆಂಟ್ ಭಾಗದ ಹಳೆಯ ಬಂಗಲೆಗಳ ವಿಸ್ತಾರವಾದ ಆವರಣಗಳಿಗೂ, ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗಳಿಗೂ ಹೋಲಿಕೆಯಿಲ್ಲ. ಮನೆಯ ಪಕ್ಕದ ತಗಡಿನ ಇಳಿಜಾರಿನಡಿ ಒಂದೆರಡು ಹಸು ಕಟ್ಟಿಕೊಂಡವರಿಗೆ ಕರುವಿಗೆಂದು ಪ್ರತ್ಯೇಕ ಜಾಗ ಸಿಗುವುದೇ ಕಷ್ಟ. ಬೀದಿಗೆ ಬಿಟ್ಟರೆ ಪ್ಲಾಸ್ಟಿಕ್ ಚೀಲಗಳನ್ನು ನುಂಗುವ ಅಪಾಯವಿದೆ. ಅದು ಹೊಟ್ಟೆಯಲ್ಲಿ ಕರಗದೆ ಗಂಟುಕಟ್ಟಿ, ವರ್ಷಗಳ ನಂತರವೂ ರಾಸನ್ನು ಕೊಲ್ಲಬಲ್ಲದು.

ಹುಟ್ಟುವ ಮುನ್ನ ಮತ್ತು ಮೊದಲ ಗಂಟೆಗಳು

ಕರುವಿನ ಪಾಲನೆ ಗರ್ಭದಲ್ಲಿಯೇ ಆರಂಭವಾಗುತ್ತದೆ. ಕೊನೆಯ ಎರಡು ತಿಂಗಳುಗಳಲ್ಲಿ ಭ್ರೂಣ ಅತಿ ವೇಗವಾಗಿ ಬೆಳೆಯುವುದರಿಂದ ಆ ಅವಧಿಯಲ್ಲಿ ಹಾಲು ಕರೆಯುವುದನ್ನು ನಿಲ್ಲಿಸಿ, ತಾಯಿಗೆ ಹೆಚ್ಚುವರಿ ಹಿಂಡಿ ಹಾಗೂ ಖನಿಜ ಮಿಶ್ರಣ ಕೊಡಬೇಕು. ಈ ಬಿಡುವಿನಲ್ಲಿಯೇ ಕೆಚ್ಚಲು ಗಿಣ್ಣನ್ನು ಸಿದ್ಧಪಡಿಸಿಕೊಳ್ಳುತ್ತದೆ. ಕರು ಹಾಕುವ ದಿನದವರೆಗೂ ಕರೆದ ಹಸುವಿನ ಗಿಣ್ಣು ತೆಳುವಾಗಿ, ಸತ್ವಹೀನವಾಗಿರುತ್ತದೆ.

ಹುಟ್ಟಿದ ಕೂಡಲೇ ಮೂಗು, ಬಾಯಿಯ ಲೋಳೆಯನ್ನು ಒರೆಸಬೇಕು. ಉಸಿರಾಟ ತಡವಾದರೆ ಮೂಗಿನ ಹೊಳ್ಳೆಯೊಳಗೆ ಒಣಹುಲ್ಲಿನ ಕಡ್ಡಿಯಿಂದ ಕಚಗುಳಿಯಿಟ್ಟು, ಎದೆಯನ್ನು ಒರಟು ಬಟ್ಟೆಯಿಂದ ಉಜ್ಜುತ್ತಾರೆ. ಸಾಧ್ಯವಿದ್ದಲ್ಲೆಲ್ಲ ತಾಯಿಯೇ ನೆಕ್ಕಲು ಬಿಡುವುದು ಒಳ್ಳೆಯದು. ಆ ನೆಕ್ಕುವಿಕೆಯಿಂದ ಮೈ ಒಣಗುವುದಲ್ಲದೆ ರಕ್ತಸಂಚಾರವೂ ಚುರುಕಾಗುತ್ತದೆ. ಹೊಕ್ಕುಳ ಬಳ್ಳಿಯನ್ನು ಎರಡು ಮೂರು ಅಂಗುಲ ಉಳಿಸಿ, ಶುದ್ಧವಾದ ದಾರದಿಂದ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಒಣಗಿ ಉದುರುವವರೆಗೆ ದಿನವೂ ಅಯೋಡಿನ್ ಹಚ್ಚುವುದು ಕ್ರಮ. ಹೊಕ್ಕುಳಿಗೆ ಬೂದಿ ಅಥವಾ ಸಗಣಿ ಮೆತ್ತುವ ರೂಢಿ ಅಪಾಯಕಾರಿ. ಧನುರ್ವಾಯುವಿನ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿಯೇ ಇರುತ್ತದೆ. ಹೊಕ್ಕುಳ ಮೂಲಕ ಒಳಹೊಕ್ಕ ಸೋಂಕು ಯಕೃತ್ತಿಗೂ ಕೀಲುಗಳಿಗೂ ಹರಡುತ್ತದೆ. ವಾರದ ಕರು ಕುಂಟತೊಡಗಿದರೆ ಮೊದಲು ನೋಡಬೇಕಾದದ್ದು ಕಾಲನ್ನಲ್ಲ, ಹೊಕ್ಕುಳನ್ನು.

ಗಿಣ್ಣು

ಕರು ಹಾಕಿದ ಮೊದಲ ದಿನಗಳಲ್ಲಿ ಬರುವ ಮಂದವಾದ, ಹಳದಿ ಛಾಯೆಯ ಹಾಲನ್ನು ಗಿಣ್ಣು ಎಂದು ಕರೆಯಲಾಗುತ್ತದೆ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದಲ್ಲಿರುವಾಗಲೇ ಶಿಶುವನ್ನು ಸೇರುತ್ತವೆ. ಹಸು, ಎಮ್ಮೆಗಳ ಮಾಸಿನ ರಚನೆ ಇದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಕರು ಬಹುತೇಕ ಯಾವ ರಕ್ಷಣೆಯೂ ಇಲ್ಲದೆ ಹುಟ್ಟುತ್ತದೆ, ಅದರ ರಕ್ಷಣೆಯೆಲ್ಲ ಗಿಣ್ಣಿನಲ್ಲಿರುತ್ತದೆ. ಹುಟ್ಟಿದ ಕರುವಿನ ಸಣ್ಣ ಕರುಳು ಪ್ರತಿಕಾಯಗಳ ದೊಡ್ಡ ಕಣಗಳನ್ನು ಒಡೆಯದೆ ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಈ ಬಾಗಿಲು ಗಂಟೆಗಂಟೆಗೂ ಕಿರಿದಾಗುತ್ತ ಸುಮಾರು 24 ಗಂಟೆಗಳಲ್ಲಿ ಮುಚ್ಚಿಹೋಗುತ್ತದೆ. ಮರುದಿನ ಎಷ್ಟೇ ಗಿಣ್ಣು ಕುಡಿಸಿದರೂ ಅದು ಪೌಷ್ಟಿಕ ಆಹಾರವಾಗುತ್ತದೆಯೇ ಹೊರತು ರಕ್ಷಣೆಯಾಗುವುದಿಲ್ಲ.

ಇದರಿಂದ ಹೊರಡುವ ನಿಯಮ ಸರಳವಾದದ್ದು: ಮೊದಲ ಒಂದೆರಡು ಗಂಟೆಗಳೊಳಗೆ ಮೊದಲ ಗಿಣ್ಣು, ಮೊದಲ ದಿನದಲ್ಲಿ ಒಟ್ಟು ದೇಹತೂಕದ ಹತ್ತನೇ ಒಂದು ಭಾಗಕ್ಕಾದರೂ ಕಡಿಮೆಯಿಲ್ಲದಂತೆ. 30 ಕೆ.ಜಿ. ತೂಗುವ ಮಿಶ್ರತಳಿ ಕರುವಿಗೆ ಇದು ಮೂರು ಲೀಟರ್ ಆಗುತ್ತದೆ. ಅದರ ಅರ್ಧಭಾಗ ಮೊದಲ ಸಲವೇ ಸೇರಿದರೆ ಉತ್ತಮ.

ಈ ನಿಯಮಕ್ಕೆ ಅಡ್ಡಿಯಾಗಿ ಎರಡು ರೂಢಿಗಳಿವೆ. ಮೊದಲನೆಯದು ಮಾಸು ಅಥವಾ ಕಸ ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದಿರುತ್ತದೆ. ವಾಸ್ತವದಲ್ಲಿ ಕರು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಸ್ರವಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನು ಸಂಕುಚಿಸಿ ಮಾಸು ಬೀಳಲು ನೆರವಾಗುತ್ತದೆ. ನಂಬಿಕೆ ವಿಷಯವನ್ನು ತಲೆಕೆಳಗು ಮಾಡಿದೆ. ಎರಡನೆಯದು ಗಿಣ್ಣಿನ ರುಚಿ. ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿದ ಗಿಣ್ಣು ಕನ್ನಡನಾಡಿನಲ್ಲೆಲ್ಲ ಪ್ರಿಯವಾದ ತಿನಿಸು. ನೆರೆಹೊರೆಗೆ ಹಂಚುವುದು ಮರ್ಯಾದೆ, ಮಾರಿದರೆ ಹಾಲಿಗಿಂತ ಹೆಚ್ಚು ಬೆಲೆ. ಹೆಚ್ಚು ಹಾಲಿನ ಮಿಶ್ರತಳಿಯಲ್ಲಿ ಕರು ಕುಡಿದು ಮಿಕ್ಕುವಷ್ಟು ಗಿಣ್ಣು ಇರುತ್ತದೆ, ಆದ್ದರಿಂದ ತಿನಿಸನ್ನು ಬಿಡಬೇಕಾಗಿಲ್ಲ. ಮೊದಲ ಕರೆತ ಕರುವಿನದು, ಮನೆಯವರಿಗೆ ಎರಡನೆಯ ಅಥವಾ ಮೂರನೆಯ ಕರೆತದ್ದು ಎಂಬ ಸರತಿಯನ್ನು ಪಾಲಿಸಿದರೆ ಸಾಕು. ಮಿಕ್ಕ ಗಿಣ್ಣನ್ನು ಶೀತಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಂಡರೆ ತಾಯಿ ಸತ್ತ ಅಥವಾ ಕೆಚ್ಚಲು ಬಾವು ಬಂದ ಸಂದರ್ಭದಲ್ಲಿ ಬೇರೆ ಕರುವಿಗೆ ಒದಗುತ್ತದೆ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು. ಒಲೆಯ ಮೇಲೆ ಕುದಿಸಿದರೆ ಪ್ರತಿಕಾಯಗಳು ನಾಶವಾಗುತ್ತವೆ.

ಹಾಲು ಕುಡಿಸುವುದು

ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ ಹೀಗಿದೆ: ಮೊದಲ ತಿಂಗಳು ದೇಹತೂಕದ ಹತ್ತನೇ ಒಂದು ಭಾಗ ಹಾಲು, ಎರಡನೆಯ ತಿಂಗಳು ಹದಿನೈದನೇ ಒಂದು, ಮೂರನೆಯ ತಿಂಗಳು ಇಪ್ಪತ್ತನೇ ಒಂದು. ಇದನ್ನು ಕನಿಷ್ಠ ಪ್ರಮಾಣವೆಂದು ತಿಳಿಯಬೇಕು. ತಾಯಿಯೊಡನೆ ಸ್ವತಂತ್ರವಾಗಿ ಬಿಟ್ಟ ಕರು ಇದರ ಎರಡರಷ್ಟನ್ನು ದಿನಕ್ಕೆ ಹಲವು ಸಲ ಹಂಚಿ ಕುಡಿಯುತ್ತದೆ. ಮೊದಲ ವಾರಗಳಲ್ಲಿ ಧಾರಾಳವಾಗಿ ಕುಡಿದ ಕರುಗಳು ಚೆನ್ನಾಗಿ ತೂಕ ಪಡೆಯುತ್ತವೆ, ರೋಗವನ್ನೂ ಸುಲಭವಾಗಿ ಎದುರಿಸುತ್ತವೆ. ಕರುಗಳು ಒಂದರ ಕಿವಿ, ಹೊಕ್ಕುಳನ್ನು ಇನ್ನೊಂದು ಚೀಪುವುದು, ಗೋಡೆ ನೆಕ್ಕುವುದು, ಮಣ್ಣು ತಿನ್ನುವುದು ಹಲವು ಸಲ ಹಸಿವಿನ ಮತ್ತು ಖನಿಜ ಕೊರತೆಯ ಲಕ್ಷಣಗಳಾಗಿರುತ್ತವೆ.

ಹಾಲು ದೇಹದ ಬಿಸಿಯಷ್ಟೇ, ಅಂದರೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಇರಬೇಕು, ಹೊತ್ತಿಗೆ ಸರಿಯಾಗಿ ದೊರೆಯಬೇಕು. ಕರು ಚೀಪುವಾಗ ಅನ್ನನಾಳದ ತುದಿಯಲ್ಲಿರುವ ತೋಡು ಮಡಚಿಕೊಂಡು ನಾಳದಂತಾಗುತ್ತದೆ. ಹಾಲು ಮೊದಲ ಹೊಟ್ಟೆಯನ್ನು ದಾಟಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ನಿಪ್ಪಲ್ ಬಾಟಲಿಯಿಂದ ಕುಡಿಸಿದಾಗಲೂ ಇದು ನಡೆಯುತ್ತದೆ. ಗೊಟ್ಟದಲ್ಲಿ ಹಾಲು ತುಂಬಿ, ತಲೆಯನ್ನು ಮೇಲೆತ್ತಿ ಗಂಟಲಿಗೆ ಸುರಿದಾಗ ನಡೆಯುವುದಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವೂ ಗೊಟ್ಟದಲ್ಲಿದೆ. ದೊಡ್ಡ ರಾಸುಗಳಿಗೆ ಔಷಧಿ ಕುಡಿಸುವ ಸಾಧನವನ್ನು ಎಳೆಗರುವಿಗೆ ಬಳಸದಿರುವುದೇ ಲೇಸು.

ಎಮ್ಮೆಗಳಲ್ಲಿ ಮತ್ತು ದೇಸಿ ಹಸುಗಳಲ್ಲಿ ಕರು ಮೊಲೆಗೆ ಬಾಯಿ ಹಾಕದೆ ತಾಯಿ ಸೊರೆ ಬಿಡುವುದಿಲ್ಲ. ಹೀಗಾಗಿ ಕರುವನ್ನು ಕ್ಷಣಕಾಲ ಬಿಟ್ಟು ಎಳೆದು ಕಟ್ಟಿ, ಕರೆದಾದ ಮೇಲೆ ಬರಿದಾದ ಕೆಚ್ಚಲಿಗೆ ಬಿಡುವ ಪದ್ಧತಿ ಇದೆ. ಒಂದು ಮೊಲೆಯನ್ನು ಪೂರ್ತಿಯಾಗಿ ಕರುವಿಗೆ ಬಿಡುವ ಕ್ರಮ ಇದಕ್ಕಿಂತ ನ್ಯಾಯವಾದದ್ದು, ಲೆಕ್ಕಕ್ಕೂ ಸುಲಭ. ಕರು ಸತ್ತರೆ ಎಮ್ಮೆ ಹಾಲು ಇಳಿಸುವುದನ್ನೇ ನಿಲ್ಲಿಸಬಹುದು. ಉಳಿಸಿದ ಎರಡು ಲೀಟರ್ ಹಾಲು ಹೀಗೆ ಇಡೀ ಸೂಲಿನ ಹಾಲನ್ನು ನುಂಗಿದ ನಿದರ್ಶನಗಳು ಹೈನುಗಾರರಿಗೆ ಹೊಸತಲ್ಲ.

ಮೇವು, ಹಿಂಡಿ ಮತ್ತು ಸ್ಥಳೀಯ ಅಪಾಯಗಳು

ಹುಟ್ಟಿದಾಗ ಕರುವಿನ ಮೊದಲ ಹೊಟ್ಟೆ ಚಿಕ್ಕದು, ನಿಷ್ಕ್ರಿಯ. ಕಾಳಿನ ಆಹಾರ ಅಲ್ಲಿ ಹುದುಗಿದಾಗ ಉತ್ಪತ್ತಿಯಾಗುವ ಆಮ್ಲಗಳಿಂದ ಅದರ ಒಳಗೋಡೆ ಬೆಳೆಯುತ್ತದೆ. ಆದ್ದರಿಂದ ಎರಡನೆಯ ವಾರದಿಂದಲೇ ಒಂದೊಂದು ಹಿಡಿ ಕರುವಿನ ಹಿಂಡಿಯನ್ನು ಮುಂದಿಡಬೇಕು. ಮನೆಯಲ್ಲಿ ಮಾಡಿಕೊಳ್ಳುವುದಾದರೆ ನುಚ್ಚು ಮಾಡಿದ ಮೆಕ್ಕೆಜೋಳ ಸುಮಾರು ಅರ್ಧ, ಶೇಂಗಾ ಹಿಂಡಿ ಮೂರನೇ ಒಂದು ಭಾಗ, ಉಳಿದದ್ದು ಗೋಧಿ ಬೂಸ, ಅದರೊಡನೆ ನೂರಕ್ಕೆ ಎರಡರಷ್ಟು ಖನಿಜ ಮಿಶ್ರಣ ಮತ್ತು ಒಂದರಷ್ಟು ಉಪ್ಪು ಬೆರೆಸುವುದು ರೂಢಿ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದರಲ್ಲಿರುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಒಣಗಿಸಿದರೂ ಬೇಯಿಸಿದರೂ ಅದು ಹೋಗದು.

ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬಳ್ಳಾರಿಯಲ್ಲಿ ಹತ್ತಿಕಾಳು ಮತ್ತು ಅದರ ಹಿಂಡಿ ಸುಲಭವಾಗಿ ಸಿಗುತ್ತವೆ, ಹಾಲಿನ ಜಿಡ್ಡು ಹೆಚ್ಚುವುದೆಂದು ಹಸುಗಳಿಗೆ ತಿನ್ನಿಸಲಾಗುತ್ತದೆ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಸ್ತುವನ್ನು ಬೆಳೆದ ರಾಸಿನ ಮೊದಲ ಹೊಟ್ಟೆ ಬಹುಮಟ್ಟಿಗೆ ನಿಷ್ಕ್ರಿಯಗೊಳಿಸುತ್ತದೆ. ಎಳೆಗರುವಿಗೆ ಆ ಶಕ್ತಿ ಇಲ್ಲ. ವಿಷ ಹೃದಯದ ಸ್ನಾಯುವಿಗೆ ತಗಲಿ, ಏದುಸಿರು ಬಂದು, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಕರು ಸಾಯುತ್ತದೆ. ತಾಯಿಯ ಗೋದಲಿಯಿಂದ ಕರು ತಿನ್ನದಂತೆ ಎಚ್ಚರ ವಹಿಸಬೇಕು. ಜೋಳದ ಹೊಲದಲ್ಲಿಯೂ ಇಂಥದೇ ಅಪಾಯವಿದೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದಲ್ಲಿ ಮತ್ತು ಕೊಯ್ದ ಕೂಳೆಯ ಚಿಗುರಿನಲ್ಲಿ ಸೈನೈಡ್ ವಿಷ ಉತ್ಪತ್ತಿಯಾಗುತ್ತದೆ. ಮೇಯಲು ಬಿಟ್ಟ ಕಡಸುಗಳು ಕೆಲವೇ ನಿಮಿಷಗಳಲ್ಲಿ ಕುಸಿದು ಬೀಳಬಹುದು. ಹೂ ಬಂದ ನಂತರದ ಜೋಳದಲ್ಲಿ ಈ ಭಯ ಬಹಳ ಕಡಿಮೆ.

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಪೋಷಿಸುವುದಿಲ್ಲ. ಅದರಲ್ಲಿ ಸಸಾರಜನಕ ಅತ್ಯಲ್ಪ, ಮರಳಿನಂಶ ಹೆಚ್ಚು, ಮತ್ತು ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಲ್ಲನ್ನೇ ನಂಬಿ ಬೆಳೆದ ಕರುವಿಗೆ ಡೊಳ್ಳುಹೊಟ್ಟೆ, ಸಣಕಲು ಬೆನ್ನು, ಒರಟು ಕೂದಲು ಬರುತ್ತವೆ. ಸಿರುಗುಪ್ಪ ಭಾಗದಲ್ಲಿ ಹುಲ್ಲು ಕರುವಿಗೆ ಹಾಸಿಗೆಯಾಗಲಿ. ಆಹಾರವಾಗಿ ಹಸಿರು ಮೇವು, ಕುದುರೆಮೆಂತ್ಯ, ಅಲಸಂದೆ ಅಥವಾ ಶೇಂಗಾ ಬಳ್ಳಿ ಹೆಚ್ಚು ಸೂಕ್ತ. ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಹಿಂಡಿಯನ್ನು ಸತತವಾಗಿ ತಿನ್ನತೊಡಗಿದ ಮೇಲೆ, ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ, ಹಾಲನ್ನು ಕ್ರಮೇಣ ಬಿಡಿಸಬಹುದು.

ಬಿಸಿಲು, ಕೊಟ್ಟಿಗೆ, ನೀರು

ಎಳೆಗರುವಿಗೆ ಹಿತವಾದ ಉಷ್ಣಾಂಶ ಸುಮಾರು 15ರಿಂದ 25 ಡಿಗ್ರಿ. ಬಳ್ಳಾರಿಯ ಬೇಸಿಗೆ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಏದುಸಿರು, ಬಾಯಿ ತೆರೆದು ಉಸಿರಾಡುವುದು, ಜೊಲ್ಲು, ಹಾಲು ಬೇಡವೆನ್ನುವುದು ಬಿಸಿಲಿನ ಬಾಧೆಯ ಗುರುತುಗಳು. ಕರುವಿನ ಸಹಜ ದೇಹೋಷ್ಣ 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಜ್ವರವೋ ಬಿಸಿಲೋ ಎಂಬುದನ್ನು ನೆರಳಿಗೆ ತಂದು ಗಂಟೆಯ ನಂತರ ಮತ್ತೆ ನೋಡಿ ನಿರ್ಧರಿಸಬೇಕು.

ಬರಿಯ ತಗಡಿನ ಚಾವಣಿಯ ಕೆಳಗೆ ಕಟ್ಟಿದ ಕರು ಬಯಲಿನಲ್ಲಿ ನಿಂತ ಕರುವಿಗಿಂತ ಹೆಚ್ಚು ಸುಖವಾಗಿರುವುದಿಲ್ಲ, ಏಕೆಂದರೆ ಕಾದ ತಗಡು ಶಾಖವನ್ನು ಕೆಳಕ್ಕೆ ಹೊರಸೂಸುತ್ತದೆ. ತಗಡಿನ ಮೇಲೆ ಸುಣ್ಣ ಬಳಿದು, ಭತ್ತದ ಹುಲ್ಲು ಅಥವಾ ತೆಂಗಿನ ಗರಿ ಹೊದಿಸಿದರೆ ಒಳಗಿನ ಕಾವು ಗಮನಾರ್ಹವಾಗಿ ಇಳಿಯುತ್ತದೆ. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ಬೀಳುವುದು ಕಡಿಮೆ. ಬೇವಿನ ಮರದ ನೆರಳಿಗೆ ಸಾಟಿಯಾದ ಚಾವಣಿ ಮಾತ್ರ ಇನ್ನೂ ಬಂದಿಲ್ಲ. ಗಾಳಿಯಾಡದ ಕೊಟ್ಟಿಗೆಯಲ್ಲಿ ಕರುವಿನ ಮೇಲೆ ನೀರು ಎರಚುವುದರಿಂದ ತಂಪಿಗಿಂತ ಸೆಕೆ ಹೆಚ್ಚಾಗಿ, ಹಾಸಿಗೆ ಒದ್ದೆಯಾಗುತ್ತದೆ.

ಹಾಲಿನಲ್ಲಿ ನೀರಿದೆಯಲ್ಲ ಎಂಬ ಕಾರಣಕ್ಕೆ ಕರುವಿಗೆ ಬೇರೆ ನೀರಿಡದಿರುವುದು ಸಾಮಾನ್ಯ ತಪ್ಪು. ಹಾಲು ನಾಲ್ಕನೆಯ ಹೊಟ್ಟೆಗೆ ಹೋಗುತ್ತದೆ. ಮೊದಲ ಹೊಟ್ಟೆಯ ಹುದುಗುವಿಕೆಗೆ ಕುಡಿದ ನೀರೇ ಬೇಕು. ಮೊದಲ ವಾರದಿಂದಲೇ ಶುದ್ಧವಾದ ನೀರು ಸದಾ ಎದುರಿಗಿರಬೇಕು.

ಮೂರು ತಿಂಗಳೊಳಗಿನ ಕರುವಿಗೆ ಸುಮಾರು ಒಂದು ಚದರ ಮೀಟರ್ ನೆರಳಿನ ಜಾಗ, ಅದರ ಎರಡರಷ್ಟು ಬಯಲು ಬೇಕೆಂದು ಹೇಳಲಾಗುತ್ತದೆ. ಒಂದು ಮೊಳ ಹಗ್ಗದಲ್ಲಿ ಗೂಟಕ್ಕೆ ಬಿಗಿದ ಕರು ಮೈಚಾಚಿ ಮಲಗಲಾರದು, ತನ್ನ ಸಗಣಿಯ ಮೇಲೆಯೇ ಮಲಗುತ್ತದೆ. ಒಂದೇ ವಯಸ್ಸಿನ ಎರಡು ಕರುಗಳನ್ನು ಜೊತೆಯಾಗಿ ಬಿಟ್ಟರೆ ಹಿಂಡಿ ತಿನ್ನುವುದನ್ನು ಬೇಗ ಕಲಿಯುತ್ತವೆ, ಹಾಲು ಬಿಡಿಸುವಾಗ ಕೂಗಾಟವೂ ಕಡಿಮೆ. ಹಾಸಿಗೆ ಒಣಗಿದೆಯೇ ಎಂದು ತಿಳಿಯಲು ಅದರ ಮೇಲೆ ಮಂಡಿಯೂರಿ ನೋಡುವುದು ಸುಲಭ ಪರೀಕ್ಷೆ: ಮಂಡಿ ಒದ್ದೆಯಾದರೆ ಹುಲ್ಲು ಬದಲಿಸಬೇಕು. ಗದ್ದೆಗಳ ನಡುವಿನ ಊರುಗಳಲ್ಲಿ ಸೊಳ್ಳೆಗಳನ್ನು ಓಡಿಸಲು ರಾತ್ರಿಯಿಡೀ ಹಾಕುವ ದಟ್ಟ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೊಳ್ಳೆ ಪರದೆ ಉತ್ತಮ.

ರೋಗಗಳು

ಎಳೆಗರುಗಳನ್ನು ಅತಿ ಹೆಚ್ಚಾಗಿ ಕೊಲ್ಲುವುದು ಭೇದಿ. ಕರು ಸಾಯುವುದು ಸಾಮಾನ್ಯವಾಗಿ ರೋಗಾಣುವಿಗಿಂತ ಮೊದಲು ನೀರು ಮತ್ತು ಲವಣಗಳ ನಷ್ಟದಿಂದ. ಕಣ್ಣು ಗುಳಿಬೀಳುವುದು, ಕುತ್ತಿಗೆಯ ಚರ್ಮವನ್ನು ಎತ್ತಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಲ್ಲುವುದು, ಕಿವಿ ಮತ್ತು ಬಾಯಿ ತಣ್ಣಗಾಗುವುದು ಈ ನಷ್ಟದ ಲಕ್ಷಣಗಳು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ಎರಡು ದೊಡ್ಡ ಚಮಚ ಗ್ಲೂಕೋಸ್ ಬೆರೆಸಿ ದಿನಕ್ಕೆ ಮೂರು ನಾಲ್ಕು ಸಲ ಕುಡಿಸುವುದು ಮೊದಲ ಚಿಕಿತ್ಸೆ. ಭೇದಿಯಾದಾಗ ಹಾಲನ್ನು ಪೂರ್ತಿ ನಿಲ್ಲಿಸಬೇಕೆಂಬ ಹಳೆಯ ಸಲಹೆಯನ್ನು ಈಗ ಒಪ್ಪುವುದಿಲ್ಲ. ಹಾಲು ಮತ್ತು ಲವಣದ ನೀರನ್ನು ಒಂದೆರಡು ಗಂಟೆಗಳ ಅಂತರದಲ್ಲಿ ಬೇರೆಬೇರೆಯಾಗಿ ಕೊಡಲಾಗುತ್ತದೆ. ಕರು ಎದ್ದು ನಿಲ್ಲಲಾರದೆ, ಚೀಪಲಾರದೆ ಹೋದಲ್ಲಿ ಬಾಯಿಯ ಮೂಲಕ ಕೊಡುವುದು ಸಾಲದು, ರಕ್ತನಾಳದ ಮೂಲಕ ದ್ರವ ಕೊಡಲು ಪಶುವೈದ್ಯರೇ ಬೇಕು.

ಜಂತುಹುಳುಗಳಲ್ಲಿ ಉದ್ದನೆಯ ದುಂಡು ಹುಳು ವಿಶೇಷವಾದದ್ದು. ಅದರ ಮರಿಗಳು ತಾಯಿಯ ಹಾಲಿನ ಮೂಲಕವೇ ಕರುವನ್ನು ಸೇರುವುದರಿಂದ ಹುಲ್ಲಿಗೆ ಬಾಯಿ ಹಾಕದ ಎಮ್ಮೆಕರುವಿನಲ್ಲಿಯೂ ಹುಳು ಕಾಣುತ್ತದೆ. ದುರ್ವಾಸನೆಯ ಮಣ್ಣುಬಣ್ಣದ ಭೇದಿ, ಹೊಟ್ಟೆನೋವು ಅದರ ಲಕ್ಷಣಗಳು. ಎರಡನೆಯ ವಾರದಲ್ಲಿ ಮೊದಲ ಬಾರಿ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುನಾಶಕ ಕೊಡುವುದು ವಾಡಿಕೆ. ರಕ್ತ ಮಿಶ್ರಿತ ಭೇದಿಯಾದರೆ ಅದು ಕಾಕ್ಸಿಡಿಯಾ ಎಂಬ ಬೇರೆ ಜೀವಿಯ ಕೆಲಸವಾಗಿರಬಹುದು. ಜಂತಿನ ಔಷಧಿಯಿಂದ ಅದು ಹೋಗುವುದಿಲ್ಲ. ಕಾಲುವೆ ನೀರು ನಿಲ್ಲುವ ತಗ್ಗುಗಳಲ್ಲಿ ಬಸವನಹುಳುಗಳ ಮೂಲಕ ಯಕೃತ್ತಿನ ಚಪ್ಪಟೆ ಹುಳು ಹರಡುತ್ತದೆ. ಅಲ್ಲಿ ಕಡಸುಗಳನ್ನು ಮೇಯಿಸದಿರುವುದು ಒಳ್ಳೆಯದು.

ಉಣ್ಣೆಗಳಿಂದ ಹರಡುವ ಥೈಲೇರಿಯಾ ಮಿಶ್ರತಳಿ ಕರುಗಳಿಗೆ ಮಾರಕ. ತೀವ್ರ ಜ್ವರ, ಊದಿಕೊಂಡ ದುಗ್ಧಗ್ರಂಥಿಗಳು, ಹೊರಚಾಚಿದ ಕಣ್ಣುಗಳು ಕಂಡಾಗ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಉಣ್ಣೆಗಳು ಮೊಟ್ಟೆಯಿಡುವುದು ಗೋಡೆಯ ಬಿರುಕುಗಳಲ್ಲಿ. ಮೈಗೆ ಔಷಧಿ ಹಚ್ಚಿ ಗೋಡೆಯನ್ನು ಮರೆತರೆ ಪ್ರಯೋಜನವಿಲ್ಲ.

ಲಸಿಕೆಗಳು

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಕಾಲುಬಾಯಿ ಜ್ವರ ಮತ್ತು ಕಂದು ರೋಗದ ಲಸಿಕೆಗಳನ್ನು ಉಚಿತವಾಗಿ ಹಾಕಲಾಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ನಾಲ್ಕು ತಿಂಗಳ ವಯಸ್ಸಿನಿಂದ ಆರಂಭ, ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಕಂದು ರೋಗದ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಹಾಕಲಾಗುತ್ತದೆ. ಈ ವಯಸ್ಸು ಮೀರಿದರೆ ಅವಕಾಶ ತಪ್ಪಿದಂತೆಯೇ. ರೋಗವು ಗರ್ಭಪಾತಕ್ಕೆ ಕಾರಣವಾಗುವುದಲ್ಲದೆ ಮನುಷ್ಯರಿಗೂ ತಗಲುತ್ತದೆ. ಗಳಲೆ ರೋಗ ಮತ್ತು ಚಪ್ಪೆ ರೋಗಗಳ ಲಸಿಕೆಯನ್ನು ಆರು ತಿಂಗಳು ತುಂಬಿದ ಮೇಲೆ, ಮುಂಗಾರಿಗೆ ಮುನ್ನ ಹಾಕಿಸುತ್ತಾರೆ. 2022ರಲ್ಲಿ ರಾಜ್ಯದಾದ್ಯಂತ ಹರಡಿದ ಚರ್ಮಗಂಟು ರೋಗಕ್ಕೂ ಈಗ ಲಸಿಕೆ ಇದೆ. ಪಶುವೈದ್ಯಕೀಯ ತುರ್ತು ಸೇವೆಯ ಸಹಾಯವಾಣಿ 1962.

ಗಂಡು ಕರುಗಳ ಪ್ರಶ್ನೆ

ಮೇಲೆ ಹೇಳಿದ ಪಾಲನೆಯೆಲ್ಲ ವ್ಯವಹಾರದಲ್ಲಿ ಹೆಣ್ಣು ಕರುಗಳಿಗೆ ದೊರೆಯುವಷ್ಟು ಗಂಡಿಗೆ ದೊರೆಯುವುದಿಲ್ಲ. ಚೆನ್ನಾಗಿ ಬೆಳೆದ ಮಿಶ್ರತಳಿ ಕಡಸು 15ರಿಂದ 18 ತಿಂಗಳಲ್ಲಿ ಸುಮಾರು 250 ಕೆ.ಜಿ. ತೂಗಿ ಗರ್ಭಧಾರಣೆಗೆ ಸಿದ್ಧವಾಗುತ್ತದೆ, ಸಾಕಿದ ಖರ್ಚು ಮರಳುತ್ತದೆ. ಮಿಶ್ರತಳಿ ಹೋರಿಗರುವಿಗೆ ಭುಜದ ಗೂನಿಲ್ಲದಿರುವುದರಿಂದ ನೊಗ ಸರಿಯಾಗಿ ಕೂರುವುದಿಲ್ಲ, ಬಿಸಿಲಿನಲ್ಲಿ ದುಡಿಯಲಾರದು. ಉಳುಮೆಯೂ ಟ್ರ್ಯಾಕ್ಟರಿನ ಪಾಲಾಗಿದೆ. 1964ರ ಕಾಯ್ದೆಯ ಸ್ಥಾನದಲ್ಲಿ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020, ಹಸು, ಕರು, ಹೋರಿ, ಎತ್ತುಗಳ ಹಾಗೂ 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನು ನಿಷೇಧಿಸಿದೆ. ಹೀಗಾಗಿ ಗಂಡು ಕರುವನ್ನು ಸಾಕಿದರೆ ನಷ್ಟ, ಮಾರಲು ಮಾರುಕಟ್ಟೆ ಇಲ್ಲ ಎಂಬ ಸ್ಥಿತಿ ಸಣ್ಣ ಹಿಡುವಳಿದಾರನದು. ಇದರ ಪರಿಣಾಮವಾಗಿ ಕೆಲವೆಡೆ ಗಂಡು ಕರುಗಳಿಗೆ ಹಾಲು ಕಡಿಮೆ ಮಾಡುತ್ತಾರೆ, ಇಲ್ಲವೆ ಬೀದಿಗೆ ಬಿಡುತ್ತಾರೆ. ಅನ್ನ, ನೀರು, ನೆರಳು ಕೊಡದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕೊಟ್ಟಿಗೆಯೊಳಗಿನ ಹಸಿವಿಗೆ ಸಾಕ್ಷಿಗಳಿರುವುದಿಲ್ಲ. ಏಕಶಿಲೆಯ ಬೃಹತ್ ನಂದಿಯನ್ನು ದೊಡ್ಡ ಬಸವೇಶ್ವರನೆಂದು ಪೂಜಿಸುವ ಕುರುಗೋಡಿನ ಸೀಮೆಯಲ್ಲಿಯೂ ಹೋರಿಗರುವಿನ ಅರ್ಥಶಾಸ್ತ್ರ ಬೇರೆಯಾಗಿಲ್ಲ.

ಸಮಸ್ಯೆಗೆ ಎರಡು ದಿಕ್ಕುಗಳಿಂದ ಉತ್ತರ ಹುಡುಕಲಾಗುತ್ತಿದೆ. ಲಿಂಗ ನಿರ್ಧರಿತ ವೀರ್ಯನಳಿಕೆಗಳನ್ನು ಬಳಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಕರುಗಳು ಹೆಣ್ಣಾಗುತ್ತವೆ. ಆದರೆ ಗರ್ಭ ನಿಲ್ಲುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ, ಆದ್ದರಿಂದ ಮೊದಲ ಸಲ ಬೆದೆಗೆ ಬಂದ ಆರೋಗ್ಯವಂತ ಕಡಸುಗಳಲ್ಲಿ ಬಳಸುವುದು ಸೂಕ್ತವೆನ್ನಲಾಗುತ್ತದೆ. ಇನ್ನೊಂದು, ಗೋಶಾಲೆಗಳಲ್ಲಿರುವ ರಾಸುಗಳ ಪೋಷಣೆಗೆ ಸಾರ್ವಜನಿಕರಿಂದ ನೆರವು ಪಡೆಯುವ ಪುಣ್ಯಕೋಟಿ ದತ್ತು ಯೋಜನೆ. ರಾಜ್ಯ ಸರ್ಕಾರ ಇದನ್ನು 2022ರಲ್ಲಿ ಆರಂಭಿಸಿತು. ಗೋಶಾಲೆಗೆ ಒಪ್ಪಿಸುವ ಕರು ಗಿಣ್ಣು ಕುಡಿದಿರಬೇಕು, ಹೊಕ್ಕುಳು ಒಣಗಿರಬೇಕು ಮತ್ತು ಹಿಂಡಿ ತಿನ್ನುವುದನ್ನು ಕಲಿತಿರಬೇಕು. ಹಲವು ಹಿಂಡುಗಳಿಂದ ಬಂದ ರಾಸುಗಳ ನಡುವೆ, ತಾಯಿಯ ಪ್ರತಿಕಾಯಗಳಿಲ್ಲದ ವಾರದ ಕರು ಬದುಕುಳಿಯುವುದು ಅಪರೂಪ.